36 ಲಕ್ಷದ ಹಳೆ ಬೆಂಜ್: ಕೊಂಡ ಮೇಲಿನ ಲೆಕ್ಕವೇನು?

ಪ್ರಶ್ನೆ: ಥಾಣೆಯಲ್ಲಿ ನನ್ನದೊಂದು ಹೋಟೆಲ್ ಇದೆ. ಊರು ಕಾರ್ಕಳದ ಹತ್ತಿರ. ಇಷ್ಟು ವರ್ಷ ಇನ್ನೋವಾದಲ್ಲೇ ಓಡಾಡಿದೆ, ಈಗ ಅದನ್ನು ಕೊಟ್ಟು ಒಂದು ಒಳ್ಳೆ ಕಾರು ತಗೊಳ್ಳುವ ಆಸೆ. ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಿಟ್ಟಿದ್ದೇನೆ. ಒಂದು 2019ರ ಮರ್ಸಿಡಿಸ್ ಇ 220 ಡಿ, ಬಿಎಸ್-6 (ಹೊಸ ಹೊಗೆ ಮಾನದಂಡದ್ದು), ದಾದರ್‌ನ ಒಬ್ಬ ಹಿರಿಯರದ್ದು, ಓಡಿದ್ದು ಬರೀ 31,000 ಕಿ.ಮೀ., 36 ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು 2016ರ ಬಿಎಂಡಬ್ಲ್ಯು 520 ಡಿ, ದೆಹಲಿ ನಂಬರ್, 62,000 ಕಿ.ಮೀ., ಡೀಲರ್ 19 ಲಕ್ಷಕ್ಕೆ ಕೊಡುತ್ತಾನಂತೆ. ಮನೆಯಿಂದ ಹೋಟೆಲಿಗೆ 4 ಕಿ.ಮೀ., ದಿನಕ್ಕೆ ಎರಡು ಸಲ ಹೋಗಿಬರುತ್ತೇನೆ. ವರ್ಷಕ್ಕೆ ಮೂರು ಸಲ ಊರಿಗೆ ಹೋಗುವುದುಂಟು. ಭಾವ ‘ಅದು ಆನೆ ಸಾಕಿದ ಹಾಗೆ, ಒಂದು ಸರ್ವಿಸಿಗೆ ಲಕ್ಷ ಬೇಕು, ಮೇಲಾಗಿ ಡೀಸೆಲ್ ಕಾರು ಹತ್ತು ವರ್ಷಕ್ಕೆ ಗುಜರಿಗೆ ಹೋಗುತ್ತದೆ’ ಅನ್ನುತ್ತಾನೆ. ಅದೇ ಹಣಕ್ಕೆ ಹೊಸ ಇನ್ನೋವಾ ಹೈಕ್ರಾಸ್ ಬರುತ್ತದೆ ಅಂತ ಮಗ. ಏನು ಮಾಡಲಿ?

ಉತ್ತರ: ಕಾರು ಕೊಳ್ಳುವಷ್ಟು ಹಣ ನಿಮ್ಮಲ್ಲಿದೆ, ಪ್ರಶ್ನೆ ಅದಲ್ಲ. ಕೊಂಡ ಮೇಲೆ ಅದು ತಿಂಗಳು ತಿಂಗಳು ಗಲ್ಲಾಪೆಟ್ಟಿಗೆಗೆ ಎಷ್ಟು ಕೈ ಹಾಕುತ್ತದೆ ಅನ್ನುವುದು ನಿಮ್ಮ ಚಿಂತೆ. ಜರ್ಮನ್ ಕಾರುಗಳ ರಿಪೇರಿಯೇ ಕಸುಬಾಗಿರುವ ನಮ್ಮ ಗ್ಯಾರೇಜಿಗೆ ಇದೇ ಪ್ರಶ್ನೆ ಹೊತ್ತು ಬರುವವರು ಬಹಳ. ಕೊಳ್ಳುವ ಮೊದಲು ಬರುವವರು ಮಾತ್ರ ಕಡಿಮೆ.

ಮೊದಲು ನಿಮ್ಮ ಭಾವನವರ ಮಾತು. ಹತ್ತು ವರ್ಷದ ಡೀಸೆಲ್ ನಿಯಮ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದ್ದು. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಾಡಿದ ಆದೇಶ, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು; 2025ರಲ್ಲಿ ಅದೇ ಕೋರ್ಟ್ ಸಡಿಲಿಸಿ, ಬಿಎಸ್-4 ಮತ್ತು ಅದಕ್ಕಿಂತ ಹೊಸ ಕಾರುಗಳ ಮೇಲೆ ಬರೀ ವಯಸ್ಸಿನ ಕಾರಣಕ್ಕೆ ಕ್ರಮ ಬೇಡ ಅಂದಿತು. ಮಹಾರಾಷ್ಟ್ರದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ; ಆಮೇಲೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಮುಂದುವರಿಸಬಹುದು. 2025ರಲ್ಲಿ ಬಾಂಬೆ ಹೈಕೋರ್ಟ್ ಮುಂಬೈ ಗಾಳಿಯ ವಿಚಾರ ಎತ್ತಿಕೊಂಡು, ಪೆಟ್ರೋಲ್, ಡೀಸೆಲ್ ವಾಹನಗಳನ್ನು ಹಂತಹಂತವಾಗಿ ತೆಗೆಯಲಾದೀತೇ ಅಂತ ಸರ್ಕಾರವನ್ನು ಕೇಳಿದ್ದು ನಿಜ, ಅದಕ್ಕೊಂದು ಸಮಿತಿ ಆದದ್ದೂ ನಿಜ. ಹಾಗಾಗಿ ಡೀಸೆಲ್ ಕೊಳ್ಳುವವರು ಹದಿನೈದು ವರ್ಷದ ಕನಸು ಕಾಣದೆ ಐದಾರು ವರ್ಷದ ಲೆಕ್ಕ ಹಾಕುವುದು ಒಳ್ಳೆಯದು. ಅಂಥ ಲೆಕ್ಕದಲ್ಲಿ ಬಿಎಸ್-6 ಕಾರಿಗೆ ಬಿಎಸ್-4ಗಿಂತ ಬಲ ಹೆಚ್ಚು.

‘ಒಂದು ಸರ್ವಿಸಿಗೆ ಲಕ್ಷ’ ಅನ್ನುವುದೂ ಅರ್ಧ ಸತ್ಯ. ಈ ಬೆಂಜಿಗೆ ವರ್ಷಕ್ಕೊಮ್ಮೆ ಅಥವಾ 15,000 ಕಿ.ಮೀ.ಗೊಮ್ಮೆ, ಯಾವುದು ಮೊದಲೋ ಆಗ, ಸರ್ವಿಸ್ ಆಗಬೇಕು. ಕಂಪನಿಯ ಅಧಿಕೃತ ಕೇಂದ್ರದಲ್ಲಿ ಅದು ಸಾಮಾನ್ಯವಾಗಿ 30,000ದಿಂದ 45,000 ರೂಪಾಯಿ, ನಮ್ಮಂಥವರಲ್ಲಿ ಅದಕ್ಕಿಂತ ಮೂರನೇ ಒಂದು ಭಾಗವಾದರೂ ಕಡಿಮೆ. ಜನ ಹೆದರುವುದು ಸರ್ವಿಸಿಗೆ, ಜೇಬು ಖಾಲಿಯಾಗುವುದು ರಿಪೇರಿಗೆ. ಅಂದು ಆನ್‌ರೋಡ್ ಸುಮಾರು 70 ಲಕ್ಷ ಕೊಟ್ಟು ತಂದ ಕಾರು ಇಂದು 36 ಲಕ್ಷಕ್ಕೆ ಸಿಗುತ್ತಿದೆ. ಆದರೆ ಅದರ ಹೆಡ್‌ಲೈಟಿನ ಬೆಲೆ ಅರ್ಧವಾಗಿಲ್ಲ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನದ್ದೂ ಆಗಿಲ್ಲ, ಕಾರಿನೊಳಗಿನ ಕಂಪ್ಯೂಟರ್ ಮಾಡ್ಯೂಲಿನದ್ದೂ ಆಗಿಲ್ಲ. ಆರು ವರ್ಷದಲ್ಲಿ ಏರಿವೆ. 36 ಲಕ್ಷದ ಕಾರು ಅಂದುಕೊಂಡು ಬಜೆಟ್ ಹಾಕಿದವರು ಎರಡನೇ ವರ್ಷ ಅದನ್ನು ಮತ್ತೆ ಮಾರಾಟಕ್ಕೆ ಇಡುತ್ತಾರೆ. ನಿಮಗೆ ತೋರಿಸುವ ಹಳೆ ಕಾರುಗಳಲ್ಲಿ ಅಂಥವೂ ಇರುತ್ತವೆ.

ಬಿಎಂಡಬ್ಲ್ಯು ವಿಚಾರ ಬೇಗ ಮುಗಿಸುತ್ತೇನೆ. 2016ರ ಡೀಸೆಲ್ ಕಾರಿಗೆ 2026ಕ್ಕೆ ಹತ್ತು ವರ್ಷ. ಆ ನಿಯಮದ ಅಳುಕಿನಲ್ಲಿ ದೆಹಲಿಯಲ್ಲಿ ಅದನ್ನು ಯಾರು ಕೊಳ್ಳುತ್ತಾರೆ? ಅದಕ್ಕೇ 19 ಲಕ್ಷ. ನಿಮ್ಮ ಹೆಸರಿಗೆ ಆಗಬೇಕಾದರೆ ಅಲ್ಲಿನ ಆರ್‌ಟಿಓದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬರಬೇಕು, ಅದಕ್ಕೆ ಮೊದಲು ಬಾಕಿ ಚಲನ್ನು, ಸಾಲ ಎಲ್ಲ ತೀರಿರಬೇಕು. ಆಮೇಲೆ ಮಹಾರಾಷ್ಟ್ರದ ರಸ್ತೆ ತೆರಿಗೆ. 20 ಲಕ್ಷ ಮೀರಿದ ಡೀಸೆಲ್ ಕಾರಿಗೆ ಇಲ್ಲಿ ಶೇ. 15, ಅದೂ ನೀವು ಕೊಡುವ 19 ಲಕ್ಷದ ಮೇಲಲ್ಲ, ಮೂಲ ಬೆಲೆಗೆ ವಯಸ್ಸಿನ ಕಡಿತ ಹಾಕಿ ಉಳಿದದ್ದರ ಮೇಲೆ. ಲಕ್ಷಗಳಲ್ಲೇ ಬರುವ ಮೊತ್ತ ಅದು. ‘ಎಲ್ಲ ನಾವು ನೋಡಿಕೊಳ್ತೇವೆ ಸರ್’ ಅನ್ನುವ ಡೀಲರ್ ಆ ಮೊತ್ತವನ್ನು ಕಾಗದದ ಮೇಲೆ ಬರೆದುಕೊಡುವುದಿಲ್ಲ. ದೆಹಲಿ ನಂಬರಿನಲ್ಲೇ ಓಡಿಸಿದರಾಯಿತು ಅನ್ನುವ ಸಲಹೆಯೂ ಬರುತ್ತದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಆಗಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುವುದು ಅದನ್ನೇ. (ಮುಂಬೈ ನಂಬರಿನ ಕಾರನ್ನು ವರ್ಷಗಟ್ಟಲೆ ಊರಿನ ಮನೆಯಲ್ಲಿ ಬಿಟ್ಟಿರುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ. ಉಡುಪಿಯಲ್ಲಿ ಹಿಡಿದ ಮೇಲೆ ಫೋನ್ ಮಾಡಿದರೆ ಪ್ರಯೋಜನವಿಲ್ಲ.)

ಎಂಜಿನ್ ವಿಚಾರವಾಗಿ ಆ ಬಿಎಂಡಬ್ಲ್ಯುಗೆ ಅನ್ಯಾಯ ಮಾಡಬಾರದು. ಎಂಜಿನ್ ಒಳಗಿನ ಟೈಮಿಂಗ್ ಚೈನ್ ಸವೆದು ಕೈಕೊಡುತ್ತಿದ್ದದ್ದು ಅದಕ್ಕಿಂತ ಹಿಂದಿನ ಎನ್ 47 ಎಂಜಿನ್. ಇದರಲ್ಲೂ ಚೈನ್ ಗೇರ್‌ಬಾಕ್ಸ್ ಕಡೆಗೇ ಇದೆ, ಅದನ್ನು ಬದಲಿಸುವುದು ದೊಡ್ಡ ಕೆಲಸವೇ, ಆದರೆ ಎಂಜಿನ್ ಮೇಲು. ನನ್ನ ಆಕ್ಷೇಪ ಕಾರಿನ ಬಗ್ಗೆ ಅಲ್ಲ, ಆ ವ್ಯವಹಾರದ ಬಗ್ಗೆ. ಬಿಟ್ಟುಬಿಡಿ.

ಇನ್ನು ದಾದರ್‌ನ ಬೆಂಜ್. ‘ಬರೀ 31,000’ ಅಂತ ನೀವು ಖುಷಿಯಿಂದ ಬರೆದಿದ್ದೀರಿ. ನನ್ನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ಆರು ವರ್ಷಕ್ಕೆ 31,000 ಅಂದರೆ ತಿಂಗಳಿಗೆ ನಾನೂರು ಚಿಲ್ಲರೆ ಕಿ.ಮೀ. ದಾದರ್‌ನಿಂದ ಫೋರ್ಟ್, ಫೋರ್ಟಿನಿಂದ ದಾದರ್, ಭಾನುವಾರ ದೇವಸ್ಥಾನ. ಪೆಟ್ರೋಲ್ ಕಾರಾಗಿದ್ದರೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಿಎಸ್-6 ಡೀಸೆಲ್‌ಗೆ ಇಂಥ ಓಡಾಟ ಆಗಿಬರುವುದಿಲ್ಲ.

ಕಾರಣ ಸೈಲೆನ್ಸರ್ ಲೈನಿನಲ್ಲಿರುವ ಡಿಪಿಎಫ್ ಅನ್ನುವ ಜಾಲರಿ. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ಒಂದು ಮಟ್ಟ ದಾಟಿದಾಗ ಎಂಜಿನ್ ತಾನಾಗಿ ಹೆಚ್ಚು ಡೀಸೆಲ್ ಸುರಿದು, ಜಾಲರಿಯನ್ನು ಕೆಂಡದಂತೆ ಕಾಯಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಟ ಬೇಕು. ಘೋಡ್‌ಬಂದರ್ ರಸ್ತೆಯ ಜಾಮಿನಲ್ಲಿ ಅದೆಲ್ಲಿಂದ ಬರಬೇಕು? ಸುಡುವ ಕೆಲಸ ಶುರುವಾಗಿರುತ್ತದೆ, ಅಷ್ಟರಲ್ಲಿ ಮನೆ ಬಂದು ಕಾರು ಆಫ್. ಮರುದಿನ ಮತ್ತೆ ಹಾಗೇ. ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ, ಜಾಲರಿ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಕೊನೆಗೆ ದೀಪ ಹತ್ತುತ್ತದೆ, ಪಿಕಪ್ ಬಿದ್ದುಹೋಗುತ್ತದೆ. ಯಂತ್ರ ಹಾಕಿ ಬಲವಂತವಾಗಿ ಸುಡಿಸಿದರೆ ಕೆಲವು ಸಾವಿರದಲ್ಲಿ ಬಚಾವ್, ಜಾಲರಿಯೇ ಹೋಗಿದ್ದರೆ ಬಿಲ್ಲು ಲಕ್ಷಗಳಲ್ಲಿ. ‘ಅದನ್ನು ಕಿತ್ತು ಬಿಸಾಡಿ, ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡ್ತೇವೆ’ ಅನ್ನುವವರು ಸಿಗುತ್ತಾರೆ. ಕಾನೂನಿಗೆ ವಿರುದ್ಧ, ಹೊಗೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ನಿಮ್ಮದು. ಕೊಳ್ಳುವ ಕಾರಿನಲ್ಲಿ ಯಾರಾದರೂ ಹಾಗೆ ಮಾಡಿದ್ದಾರೆಯೇ ಅಂತಲೂ ನೋಡಬೇಕು.

ಇದರ ಜೊತೆಗೊಂದು ಆ್ಯಡ್‌ಬ್ಲೂ. ಯೂರಿಯಾ ಮತ್ತು ನೀರಿನ ದ್ರಾವಣ, ಬೇರೆಯೇ ಟ್ಯಾಂಕ್. ದ್ರಾವಣ ಅಗ್ಗ. ಆದರೆ ಕಾರು ನಿಂತಲ್ಲೇ ನಿಂತರೆ ನಳಿಕೆಯ ಬಾಯಲ್ಲಿ ಬಿಳಿ ಹರಳು ಕಟ್ಟುತ್ತದೆ, ಪಂಪು ಕೆಡುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ‘ಇನ್ನು ಇಷ್ಟು ಕಿ.ಮೀ.’ ಅಂತ ಎಣಿಕೆ ಇಳಿಯತೊಡಗುತ್ತದೆ, ಸೊನ್ನೆಗೆ ಬಂದ ಮೇಲೆ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದು. ಊರಿನ ದಾರಿಯಲ್ಲಿ ಯಲ್ಲಾಪುರ ಘಾಟಿಯ ಮೊದಲು ಚಹಾಕ್ಕೆ ನಿಲ್ಲಿಸುವವರು ಇದನ್ನು ತಿಳಿದಿರಬೇಕು.

ಹಾಗಾದರೆ ಈ ಕಾರು ಬೇಡವೇ? ಹಾಗೆ ಹೇಳಲಾರೆ. ನಿಮ್ಮ ಓಡಾಟದಲ್ಲಿ ಒಂದು ಅನುಕೂಲವಿದೆ: ವರ್ಷಕ್ಕೆ ಮೂರು ಸಲ ಊರು. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ಮೇಲೆ ಹೋದರೆ ಡೀಸೆಲ್ ಎಂಜಿನ್ನಿಗೆ ಅದೇ ಔಷಧ. ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ನಾಸಿಕ್ ಹೆದ್ದಾರಿಯಲ್ಲಿ ಪಡಘಾ ತನಕ ಹೋಗಿಬಂದರೆ ಸಾಕು. ಹೋಟೆಲಿನವರು ಆ ಹೊತ್ತಿಗೆ ಎದ್ದೇ ಇರುತ್ತೀರಿ, ಆದರೆ ಆ ಹೊತ್ತಿಗೆ ಕೌಂಟರ್ ಬಿಟ್ಟು ಬರುತ್ತೀರಾ ಅನ್ನುವುದು ನಿಮಗೇ ಗೊತ್ತು. ಬರುವುದಿಲ್ಲ ಅಂತಾದರೆ ಇದೇ ಮಾದರಿಯ ಪೆಟ್ರೋಲ್, ಇ 200 ಹುಡುಕಿ. ಮೈಲೇಜ್ ಕಡಿಮೆ, ನೆಮ್ಮದಿ ಹೆಚ್ಚು. ಒಂದೇ ಮಾತು, 2019ರ ಪೆಟ್ರೋಲ್ ಕಾರು ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆಂದೇ ಮಾಡಿದ್ದಲ್ಲದಿರಬಹುದು. ಇಂಧನ ಮುಚ್ಚಳದ ಒಳಗಿನ ಚೀಟಿ ಮತ್ತು ಕೈಪಿಡಿ ನೋಡಿಕೊಳ್ಳಿ.

ಈಗ ವರ್ಷದ ಲೆಕ್ಕ. ನೀವು ಹೇಳಿದ ಹೋಟೆಲಿನ ಓಡಾಟಕ್ಕೆ ಸಣ್ಣಪುಟ್ಟ ತಿರುಗಾಟವನ್ನೂ ಸೇರಿಸಿ ಪೇಟೆಯಲ್ಲಿ ಏಳೂವರೆ ಸಾವಿರ, ಊರಿನ ಓಡಾಟಕ್ಕೆ ಆರು ಸಾವಿರ ಕಿ.ಮೀ. ಪೇಟೆಯಲ್ಲಿ ಲೀಟರಿಗೆ 9, ಹೆದ್ದಾರಿಯಲ್ಲಿ 16 ಹಿಡಿದರೆ ಸುಮಾರು 1,200 ಲೀಟರ್ ಡೀಸೆಲ್, 90 ರೂಪಾಯಿಯ ಆಸುಪಾಸಿನ ದರದಲ್ಲಿ 1.1 ಲಕ್ಷ. ವಿಮೆಗೆ 80,000 ಇಡಿ. ಸರ್ವಿಸಿಗೆ 40,000. ಟೈರು, ಬ್ರೇಕ್, ಬ್ಯಾಟರಿ ಇವೆಲ್ಲ ಎರಡು ಮೂರು ವರ್ಷಕ್ಕೊಮ್ಮೆ ಬರುವ ಖರ್ಚು, ಹಂಚಿದರೆ ವರ್ಷಕ್ಕೆ 50,000. ಇದಿಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಬರೆಯದೆ ಬಿಡುವುದು ರಿಪೇರಿಯ ಮೀಸಲು. ವಾರಂಟಿ ಇಲ್ಲದ ಈ ವಯಸ್ಸಿನ ಬೆಂಜಿಗೆ ನಾನು ವರ್ಷಕ್ಕೆ 1.25 ಲಕ್ಷ ಬೇರೆ ಖಾತೆಯಲ್ಲಿ ಇಡಿಸುತ್ತೇನೆ. ಒಂದು ವರ್ಷ ಪೂರ್ತಿ ಉಳಿಯಬಹುದು, ಇನ್ನೊಂದು ವರ್ಷ ಎರಡೂ ವರ್ಷದ್ದು ಒಂದೇ ಬಿಲ್ಲಿಗೆ ಹೋಗಬಹುದು. ಒಟ್ಟು 4 ಲಕ್ಷದ ಹತ್ತಿರ, ತಿಂಗಳಿಗೆ 33,000 ಚಿಲ್ಲರೆ. ಕಾರಿನ ಬೆಲೆ ಇಳಿಯುವುದು, ಸಾಲ ಮಾಡಿದರೆ ಅದರ ಬಡ್ಡಿ ಇದರಲ್ಲಿ ಸೇರಿಲ್ಲ. ಹಳೆ ಕಾರಿನ ಸಾಲಕ್ಕೆ ಹೊಸದಕ್ಕಿಂತ ಬಡ್ಡಿ ಹೆಚ್ಚು ಅನ್ನುವುದೂ ಗಮನದಲ್ಲಿರಲಿ.

ನಿಮ್ಮ ಮಗ ಹೇಳುವ ಹೈಬ್ರಿಡ್ ಇನ್ನೋವಾದಲ್ಲಿ ಇಂಧನದ ಉಳಿತಾಯ ಹೇಳಿಕೊಳ್ಳುವಂಥದ್ದೇನಲ್ಲ. ನಿಮ್ಮಷ್ಟು ಓಡಿಸಿದರೆ ವರ್ಷಕ್ಕೆ ಇಪ್ಪತ್ತು ಸಾವಿರದಷ್ಟು ಉಳಿದೀತು. ನಿಜವಾಗಿ ಉಳಿಯುವುದು ಆ 1.25 ಲಕ್ಷದ ಮೀಸಲು, ಜೊತೆಗೆ ಮರುಮಾರಾಟದ ಬೆಲೆ. ಇನ್ನೋವಾ ಮಾರಲು ಎರಡು ಫೋನ್ ಸಾಕು, ಹತ್ತು ವರ್ಷದ ಬೆಂಜ್ ಮಾರಲು ಎರಡು ತಿಂಗಳು ಬೇಕು. ಬರೀ ಕಾಸಿನ ಲೆಕ್ಕವಾದರೆ ಮಗನೇ ಸರಿ. ಆದರೆ ಇಷ್ಟು ವರ್ಷ ದುಡಿದ ಮೇಲೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಊರಿಗೆ ಹೋಗಬೇಕು ಅನ್ನಿಸಿದರೆ ಅದು ತಪ್ಪಲ್ಲ, ಅದಕ್ಕೆ ಎಷ್ಟು ಬೀಳುತ್ತದೆ ಅಂತ ತಿಳಿದು ಕೊಳ್ಳಿ, ಅಷ್ಟೆ.

ವಿಮೆಯ ವಿಚಾರದಲ್ಲಿ ಮೋಸ ಹೋಗುವವರು ಬಹಳ. ‘ಫುಲ್ ಇನ್ಶೂರೆನ್ಸ್’ ಅಂದಾಕ್ಷಣ ಎಲ್ಲ ಸಿಗುತ್ತದೆ ಅಂದುಕೊಳ್ಳುತ್ತಾರೆ. ಝೀರೋ ಡೆಪ್ರಿಸಿಯೇಷನ್ (ಸವಕಳಿ ಕಡಿಯದೆ ಬಿಡಿಭಾಗದ ಬೆಲೆ ಕೊಡುವ) ಸೌಲಭ್ಯವನ್ನು ಹಲವು ಕಂಪನಿಗಳು ಐದು ವರ್ಷಕ್ಕೇ ನಿಲ್ಲಿಸುತ್ತವೆ, ಕೆಲವು ಏಳರ ತನಕ ಕೊಡುತ್ತವೆ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಅರ್ಧ ಬೆಲೆ ನಿಮ್ಮದು. ಬಂಪರು ಪ್ಲಾಸ್ಟಿಕ್, ಹೆಡ್‌ಲೈಟಿನ ಬಹುಭಾಗವೂ ಪ್ಲಾಸ್ಟಿಕ್. ಹಿಂದಿನಿಂದ ರಿಕ್ಷಾ ತಾಗಿದರೂ ನಿಮ್ಮ ಪಾಲಿಗೆ ಎಷ್ಟು ಬರುತ್ತದೆ ಅಂತ ಊಹಿಸಿ. ಆರು ವರ್ಷದ ಈ ಕಾರಿಗೆ ಅದನ್ನು ಯಾರು ಕೊಡುತ್ತಾರೆ ಅಂತ ಕೊಳ್ಳುವ ಮೊದಲೇ ಕೇಳಿ. ಎಂಜಿನ್ ರಕ್ಷಣೆಯ ಸೌಲಭ್ಯ ಬಿಡಲೇಬೇಡಿ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಗಾಳಿಯ ದಾರಿಯಿಂದ ಎಂಜಿನ್ನಿಗೆ ನೀರು ನುಗ್ಗಿ, ಮತ್ತೆ ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಗ್ಗಿದರೆ ಸಾಮಾನ್ಯ ಪಾಲಿಸಿ ಅದನ್ನು ಅಪಘಾತ ಅನ್ನುವುದಿಲ್ಲ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಮಾರುವವರ ಪಾಲಿಸಿಯನ್ನು ಕೈಗೆ ತೆಗೆದುಕೊಂಡು ಒಂದು ಸಾಲು ಓದಿ: ನೋ ಕ್ಲೇಮ್ ಬೋನಸ್ ಶೇಕಡಾ ಎಷ್ಟು. ಐದು ವರ್ಷ ಏನೂ ಕ್ಲೇಮ್ ಮಾಡದಿದ್ದರೆ ಅದು 50ಕ್ಕೆ ಮುಟ್ಟಿರಬೇಕು. ಅಲ್ಲಿ 20 ಅಂತಲೋ ಸೊನ್ನೆಯೋ ಇದ್ದರೆ ಹತ್ತಿರದಲ್ಲೇ ಏನೋ ಆಗಿದೆ ಎಂದರ್ಥ, ಏನೆಂದು ಕೇಳಿ. ‘ಚಿಕ್ಕ ಗೀರು’ ಅನ್ನುತ್ತಾರೆ. ಚಿಕ್ಕ ಗೀರಿಗೆ ಯಾರೂ ಆ ರಿಯಾಯಿತಿ ಕಳೆದುಕೊಳ್ಳುವುದಿಲ್ಲ. ಅವರ ಬೋನಸ್ ನಿಮಗೆ ಬರುವುದಿಲ್ಲ. ನಿಮ್ಮ ಇನ್ನೋವಾದ್ದು ನಿಮ್ಮ ಜೊತೆ ಬರುತ್ತದೆ. ಅದನ್ನು ಮಾರುವಾಗ ವಿಮಾ ಕಂಪನಿಯಿಂದ ಬೋನಸ್ ಕಾಯ್ದಿರಿಸಿದ ಪತ್ರ ಕೇಳಿ ಪಡೆಯಿರಿ, ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ತಪಾಸಣೆಗೆ ಕರೆದೊಯ್ಯುವ ದಿನ ಮಾರುವವರಿಗೆ ಒಂದೇ ಮಾತು ಹೇಳಿ, ನಾವು ಬರುವ ತನಕ ಕಾರು ಸ್ಟಾರ್ಟ್ ಮಾಡಬೇಡಿ ಅಂತ. ತಣ್ಣಗಿನ ಎಂಜಿನ್ ಸುಳ್ಳು ಹೇಳುವುದಿಲ್ಲ. ಲಿಫ್ಟ್ ಮೇಲೆ ಏರಿಸಿ, ಸ್ಕ್ಯಾನರ್ ಹಾಕಿ, ಎಲ್ಲ ಮಾಡ್ಯೂಲುಗಳನ್ನೂ ಓದಿಸಬೇಕು. ಡಿಪಿಎಫ್‌ನಲ್ಲಿ ಮಸಿ ಎಷ್ಟಿದೆ, ಬೂದಿ ಎಷ್ಟಿದೆ, ಕೊನೆಯ ಸಲ ಸುಟ್ಟದ್ದು ಎಷ್ಟು ಕಿ.ಮೀ. ಹಿಂದೆ, ಎಲ್ಲ ಅಲ್ಲೇ ಕಾಣುತ್ತದೆ. ಮೀಟರಿನ ಕಿ.ಮೀ.ಗೂ ಬೇರೆ ಮಾಡ್ಯೂಲುಗಳ ಒಳಗೆ ದಾಖಲಾದ ಕಿ.ಮೀ.ಗೂ ತಾಳೆಯಾಗದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಚಾಸಿ ನಂಬರ್ ಕೊಟ್ಟು, ಮಾಲೀಕರ ಒಪ್ಪಿಗೆಯ ಮೇಲೆ, ಅಧಿಕೃತ ಕೇಂದ್ರದಿಂದ ಸರ್ವಿಸ್ ದಾಖಲೆ ತೆಗೆಸಿ. ಕಡಿಮೆ ಓಡಿದೆ ಅಂತ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವ ಮಾಲೀಕರು ಬೇಕಾದಷ್ಟಿದ್ದಾರೆ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 3119 ಅಂದರೆ 2019ರ 31ನೇ ವಾರ. ಈ ಕಾರಿನಲ್ಲಿ ಅದೇ ಇರುವ ಸಾಧ್ಯತೆ ಹೆಚ್ಚು, ಪಟ್ಟಿಯೂ ಹೊಸದರಂತೆ ಕಾಣುತ್ತದೆ, ಉಗುರಿನಿಂದ ಒತ್ತಿ ನೋಡಿದರೆ ರಬ್ಬರ್ ಕಲ್ಲು. ನಾಲ್ಕೂ ಬದಲಿಸಬೇಕು, ಬೆಲೆಯಲ್ಲಿ ಅಷ್ಟು ಇಳಿಸಿ.

ಆಮೇಲೆ ನೀರು. ದೊಡ್ಡ ಗಾಜಿನ ಸನ್‌ರೂಫ್ ಇದ್ದರೆ ಅದರ ನೀರು ಹೋಗುವ ಸಣ್ಣ ನಳಿಕೆಗಳು ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ, ಧೂಳು ಸೇರಿ ಕಟ್ಟುತ್ತವೆ. ನೀರು ಕಂಬದೊಳಗಿಂದ ಇಳಿದು ಕಾರ್ಪೆಟಿನ ಕೆಳಗೆ ಸೇರುತ್ತದೆ. ಮೇಲೆ ಒಣಗಿರುತ್ತದೆ, ಕೆಳಗಿನ ಸ್ಪಂಜು ತಿಂಗಳುಗಟ್ಟಲೆ ಹಸಿ, ಅದರ ಪಕ್ಕದಲ್ಲೇ ವೈರಿಂಗ್. ಮುಂದಿನ ಕಾರ್ಪೆಟಿನ ಅಂಚು ಎತ್ತಿ ಕೈ ಹಾಕಿ ಒತ್ತಿ ನೋಡಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಮುಳುಗಿದ ಕಾರಾಗಿದ್ದರೆ ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಹಳಿಯ ತುಕ್ಕು ನೋಡಿ. ದಾದರ್, ಹಿಂದಮಾತಾ ಕಡೆಯ ಕಾರಾದರೆ ಇದನ್ನು ಬಿಡಬಾರದು, ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುವುದನ್ನು ಮುಂಬೈಯವರಿಗೆ ಹೇಳಬೇಕಿಲ್ಲ. ನಿಮಗಾಗಿ ಇನ್ನೊಂದು: ಕಾರನ್ನು ಹೋಟೆಲಿನ ಹಿಂಬದಿ, ಅಡುಗೆಮನೆಯ ಪಕ್ಕ ನಿಲ್ಲಿಸಬೇಡಿ. ಇಲಿ ಕಡಿದ ವೈರಿಂಗ್ ಹೊತ್ತು ನಮ್ಮಲ್ಲಿಗೆ ಬರುವ ಕಾರುಗಳಲ್ಲಿ ಹೋಟೆಲಿನವರದ್ದೇ ಹೆಚ್ಚು.

ಬಿಡಿಭಾಗಗಳ ಬಗ್ಗೆ ಚುಟುಕಾಗಿ. ಕಂಪನಿಯ ಡಬ್ಬಿಯಲ್ಲಿ ಬರುವ ಫಿಲ್ಟರು, ಬ್ರೇಕು, ಸಸ್ಪೆನ್ಷನ್ ತೋಳುಗಳಲ್ಲಿ ಬಹಳಷ್ಟನ್ನು ಮಾಡುವವರು ಬಾಷ್, ಮಾನ್, ಝಡ್‌ಎಫ್ ಮುಂತಾದವರು. ಅವರದೇ ಹೆಸರಿನ ಡಬ್ಬಿಯಲ್ಲಿ ಕಡಿಮೆಗೆ ಸಿಗುತ್ತವೆ, ಧೈರ್ಯವಾಗಿ ಹಾಕಿಸಿ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಸಿಗುವ ಹಳೆ ಮಾಲು ಕನ್ನಡಿ, ಬಾಗಿಲು, ಬಂಪರಿಗೆ ಪರವಾಗಿಲ್ಲ. ಏರ್‌ಬ್ಯಾಗ್, ಬ್ರೇಕ್, ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ಬೇಡ.

36 ಲಕ್ಷ ಕೊಡಬೇಡಿ. ವಾರಂಟಿ ಇಲ್ಲದೆ ಖಾಸಗಿಯಾಗಿ ಮಾರುವವರ ಬೆಲೆಯೂ ಕಂಪನಿಯ ಸರ್ಟಿಫೈಡ್ ಷೋರೂಮಿನ ಬೆಲೆಯೂ ಒಂದೇ ಆಗಬಾರದು. ಅಲ್ಲಿ ಇದೇ ವರ್ಷದ, ಐವತ್ತು ಅರವತ್ತು ಸಾವಿರ ಓಡಿದ, ವಾರಂಟಿ ಇರುವ ಕಾರು ಇವರು ಹೇಳುವ ಬೆಲೆಗಿಂತ ಒಂದೆರಡು ಲಕ್ಷ ಹೆಚ್ಚಿಗೆ ಸಿಕ್ಕಿದರೆ ನಾನಾದರೆ ಅದನ್ನೇ ತಗೊಳ್ಳುತ್ತೇನೆ, ಹೆದ್ದಾರಿಯಲ್ಲಿ ಓಡಿದ ಅರವತ್ತು ಸಾವಿರ ಪೇಟೆಯ ಮೂವತ್ತಕ್ಕಿಂತ ಮೇಲು. ಸಿಗದಿದ್ದರೆ ದಾದರ್‌ನವರಿಗೆ ತಪಾಸಣೆಯ ವರದಿ ತೋರಿಸಿ 33ರಿಂದ ಮಾತು ಶುರುಮಾಡಿ. ಮಸಿಯ ಲೆಕ್ಕ ಕೆಟ್ಟಿದ್ದರೆ ಚೌಕಾಶಿಯೇ ಬೇಡ.

ಟೋಕನ್ ಕೊಡುವಾಗ ‘ತಪಾಸಣೆಯಲ್ಲಿ ದೋಷ ಕಂಡರೆ ಪೂರ್ತಿ ವಾಪಸ್’ ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ. ಸಾಲ ಬಾಕಿ ಇದೆಯೇ, ಚಲನ್ನು ಎಷ್ಟಿವೆ ಅನ್ನುವುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೀವೇ ನೋಡಿ. ಹೋಟೆಲಿನ ಹೆಸರಿಗೆ ಮಾಡಿಸುವ ಯೋಚನೆಯಿದ್ದರೆ ಮೊದಲು ನಿಮ್ಮ ಸಿಎ ಹತ್ತಿರ ಮಾತಾಡಿ, ಮಹಾರಾಷ್ಟ್ರದಲ್ಲಿ ಕಂಪನಿ ಹೆಸರಿನ ಕಾರಿಗೆ ತೆರಿಗೆ ದರವೇ ಬೇರೆ. ಪೂರ್ತಿ ಹಣ ಕೊಡುವ ದಿನ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಆಗಲಿ, ಕಾರು ನಿಮ್ಮದಾದ 14 ದಿನದೊಳಗೆ ವಿಮೆಯೂ ನಿಮ್ಮ ಹೆಸರಿಗೆ ಬರಲಿ. ಆ ನಡುವೆ ಊರಿಗೆ ಹೊರಡಬೇಡಿ.